ಹೆರಿಗೆ ನೋವು ತಾನಾಗಿ ಮುಂದುವರಿಯಲು ಮನೆಯವರು ಮಾಡಬೇಕಾದುದೇನು?



ಬೀಜೋಪಚಾರ, ಗೊಬ್ಬರದ ಗುಂಡಿ, ಮಣ್ಣು ಪರೀಕ್ಷೆ ಎಂದು ಸಲಸಲವೂ ಬರೆಯುತ್ತಿದ್ದ ಗ್ರಾಮಸೇವಕ ಈ ಸಲ ಹೆರಿಗೆಯ ವಿಷಯ ಎತ್ತಿಕೊಂಡಿದ್ದಾನಲ್ಲ, ಇವನಿಗೇಕೆ ಈ ಉಸಾಬರಿ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಅಡ್ಡಿಯಿಲ್ಲ. ಹೆರಿಗೆ ಹೆಂಗಸರ ವಿಷಯವೆಂದು ಗಂಡಸರು ಜಗುಲಿಯ ಮೇಲೆ ಕುಳಿತುಬಿಡುವುದು ನಮ್ಮ ಕಡೆಯ ವಾಡಿಕೆ. ಆದರೆ ಗಾಡಿ ಗೊತ್ತುಮಾಡುವವರು, ದುಡ್ಡು ಹೊಂದಿಸುವವರು ಆ ಜಗುಲಿಯ ಮೇಲಿನವರೇ. "ಇನ್ನೂ ಎಷ್ಟು ಹೊತ್ತು ಕಾಯೋದು? ಒಂದು ಇಂಜೆಕ್ಷನ್ ಹಾಕಿಸಿಬಿಡೋಣ" ಎಂದು ಮೊದಲು ಬಾಯಿ ಬಿಡುವವರೂ ಅವರೇ. ಆ ಒಂದು ಮಾತಿನ ಸಲುವಾಗಿಯೇ ಈ ಲೇಖನ.

ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ಡಾಕ್ಟರಲ್ಲ. ಆರೋಗ್ಯ ಕೇಂದ್ರದ ಡಾಕ್ಟರು, ನರ್ಸಮ್ಮಂದಿರಿಂದ ಕೇಳಿದ್ದನ್ನೂ, ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೆರಿಗೆಯ ಆರೈಕೆಯ ಬಗ್ಗೆ ಹೊರಡಿಸಿದ ಸಲಹೆಗಳಲ್ಲಿ ನಮಗೆ ಬೇಕಾದುದನ್ನೂ ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯ ಬಸುರಿಯನ್ನು ಕಣ್ಣಾರೆ ಪರೀಕ್ಷೆ ಮಾಡಿದ ಡಾಕ್ಟರ ಮಾತು ನನ್ನ ಮಾತಿಗಿಂತ ಮೇಲು.

ನಮಗೆಲ್ಲ ಗೊತ್ತಿರುವ ಕೊಟ್ಟಿಗೆಯಿಂದಲೇ ಆರಂಭಿಸೋಣ. ಬೆಳಿಗ್ಗೆ ಕರುವನ್ನು ಬಿಡುತ್ತೀರಿ. ಅದು ಕೆಚ್ಚಲಿಗೆ ಬಾಯಿಡುತ್ತದೆ, ಎರಡು ಸಲ ಗುದ್ದುತ್ತದೆ. ಒಂದು ನಿಮಿಷ ಆಗುವಷ್ಟರಲ್ಲಿ ಮೊಲೆಗಳು ತುಂಬಿಕೊಂಡು ಹಸು ಸೊರ ಬಿಡುತ್ತದೆ. ದಿನವೂ ಕರೆಯುವ ಕೈ, ದಿನವೂ ಕೇಳುವ ದನಿ ಇದ್ದರೆ ಹಾಲು ಸರಾಗವಾಗಿ ಇಳಿಯುತ್ತದೆ. ಅದೇ ಹೊತ್ತಿಗೆ ಹೊಸ ಮನುಷ್ಯನೊಬ್ಬ ಒಳಗೆ ಬಂದರೆ, ನಾಯಿ ಬೊಗಳಿದರೆ, ಕೋಪಗೊಂಡು ಯಾರಾದರೂ ಒಂದೇಟು ಹಾಕಿದರೆ ಹಸು ಹಾಲನ್ನು ಬಿಗಿಹಿಡಿಯುತ್ತದೆ. ಹಾಲು ಎಲ್ಲಿಯೂ ಹೋಗಿಲ್ಲ, ಕೆಚ್ಚಲಿನಲ್ಲೇ ಇದೆ. ಆದರೂ ಬಾರದು. ಕೆಚ್ಚಲನ್ನು ಎಷ್ಟು ಹಿಂಡಿದರೂ ಪ್ರಯೋಜನವಿಲ್ಲ ಎಂಬುದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಮೈ ಸವರಿ, ಮಾತಾಡಿಸಿ, ಸ್ವಲ್ಪ ಹಿಂಡಿ ಇಟ್ಟು, ಸುಮ್ಮನೆ ಕಾಯುತ್ತಾರೆ.

ಇದರ ಕಾರಣ ಹೀಗಿದೆ. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಚಿಕ್ಕದೊಂದು ಗ್ರಂಥಿ ಇದೆ. ಕರುವಿನ ಬಾಯಿ ತಾಕಿದೊಡನೆ ಅದು ಆಕ್ಸಿಟೋಸಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಆ ರಸ ಕೆಚ್ಚಲನ್ನು ಮುಟ್ಟಿ ಹಾಲನ್ನು ಕೆಳಕ್ಕೆ ದೂಡುತ್ತದೆ. ಹೆದರಿದಾಗ ಅಡ್ರಿನಲಿನ್ ಎಂಬ ಬೇರೊಂದು ರಸ ಹೊರಟು ಮೊದಲನೆಯದರ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ಹುಲಿ ಎದುರಿಗೆ ಬಂದಾಗ ಓಡಬೇಕೇ ಹೊರತು ಹಾಲು ಕೊಡುತ್ತ ನಿಲ್ಲಬಾರದಲ್ಲವೆ? ಪ್ರಕೃತಿಯ ಏರ್ಪಾಡು ಅದು.

ಈಗ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಗಳ ಗರ್ಭಕೋಶವನ್ನು ಹಿಂಡಿ ಹೆರಿಗೆ ನೋವನ್ನು ಬರಿಸುವುದೂ ಇದೇ ಆಕ್ಸಿಟೋಸಿನ್. 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಎಂಬ ವಿಜ್ಞಾನಿ, ಪಿಟ್ಯುಟರಿಯಿಂದ ತೆಗೆದ ಸಾರವು ಗರ್ಭಕೋಶವನ್ನು ಸಂಕೋಚಿಸುತ್ತದೆಂದು ಕಂಡುಹಿಡಿದನು. ಆಕ್ಸಿಟೋಸಿನ್ ಎಂದರೆ ಗ್ರೀಕ್ ಭಾಷೆಯಲ್ಲಿ ಬೇಗನೆ ಹೆರುವುದು ಎಂದರ್ಥ. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಎಂಬವನು ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿದನು. 1955ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂದಿತು. ಹಾಲಿಗೂ ಹೆರಿಗೆಗೂ ಒಂದೇ ರಸ. ಮನೆಯ ಮಗಳನ್ನು ಹಸುವಿಗೆ ಹೋಲಿಸಿದೆನೆಂದು ಯಾರೂ ಕೋಪಿಸಿಕೊಳ್ಳಬೇಡಿ. ಹೋಲಿಕೆ ಇಷ್ಟಕ್ಕೇ ಸರಿ. ನಾಲ್ಕು ಕಾಲಿನ ಪ್ರಾಣಿಗೆ ಇರುವ ಅನುಕೂಲ ಮನುಷ್ಯರಿಗೆ ಇಲ್ಲ. ನಮ್ಮ ಹೆಂಗಸರ ಕಟಿಯ ದಾರಿ ಇಕ್ಕಟ್ಟು, ಮಗುವಿನ ತಲೆ ದೊಡ್ಡದು, ಅದು ತಿರುತಿರುಗಿಕೊಂಡೇ ಹೊರಗೆ ಬರಬೇಕು. ಆದ್ದರಿಂದಲೇ ಹೊತ್ತು ಹಿಡಿಯುತ್ತದೆ, ಆದ್ದರಿಂದಲೇ ಆಸ್ಪತ್ರೆಯೂ ಬೇಕು.

ಹೆದರಿಕೆಯ ವಿಷಯದಲ್ಲಿ ಮಾತ್ರ ಹೋಲಿಕೆ ಸರಿಯಾಗಿಯೇ ಇದೆ. ಮನೆಯಲ್ಲಿ ಚೆನ್ನಾಗಿ ಬರುತ್ತಿದ್ದ ನೋವು ಆಸ್ಪತ್ರೆಯ ಬಾಗಿಲು ದಾಟಿದೊಡನೆ ನಿಂತುಹೋಯಿತು ಎಂದು ನೀವೂ ಕೇಳಿರಬಹುದು. ಹೊಸ ಜಾಗ, ಕಣ್ಣು ಕುಕ್ಕುವ ದೀಪ, ಪಕ್ಕದ ಮಂಚದಲ್ಲಿ ಕೂಗುವ ಇನ್ನೊಬ್ಬಳು, ಬಾಗಿಲಿನಲ್ಲಿ ಇಣುಕುವ ಹತ್ತು ಜನ. ಚೊಚ್ಚಲು ಬಸುರಿ ಹೆದರದೆ ಇನ್ನೇನು ಮಾಡಿಯಾಳು? ಇಂಥಲ್ಲಿ ನೋವು ನಿಂತರೆ ಕೆಡುಕೇ ಆಯಿತೆಂದು ತಿಳಿಯಬಾರದು. ಡಾಕ್ಟರು ಪರೀಕ್ಷೆ ಮಾಡಿ ತಾಯಿ ಮಗು ಚೆನ್ನಾಗಿವೆ ಎಂದಮೇಲೆ, ಗುಂಪು ಕರಗಿಸಿ, ಬೇಕಾದವರೊಬ್ಬರು ಹತ್ತಿರ ಕುಳಿತು ಮೆಲ್ಲಗೆ ಮಾತಾಡಿಸುತ್ತಿದ್ದರೆ ಬಹಳಷ್ಟು ಸಲ ನೋವು ತಾನಾಗಿಯೇ ಮರಳುತ್ತದೆ.

ನಮಗೆ ಆ ತಾಳ್ಮೆ ಇರುವುದಿಲ್ಲ. ಇಂಜೆಕ್ಷನ್ನಿನ ಮಾತು ಬರುವುದು ಆಗಲೇ.

ಹಾಲಿನ ವ್ಯಾಪಾರಕ್ಕಾಗಿ ಹಸು ಎಮ್ಮೆಗಳಿಗೆ ಆಕ್ಸಿಟೋಸಿನ್ ಚುಚ್ಚುವ ದುರಭ್ಯಾಸ ದೇಶದ ಹಲವು ಕಡೆ ಹಬ್ಬಿದ್ದು ತಮಗೆ ತಿಳಿದಿರಬಹುದು. ಹಾಲು ಹೆಚ್ಚಿಸಲೆಂದು ಹಸುವಿಗೆ ಯಾವುದೇ ಹಾನಿಕರ ವಸ್ತುವನ್ನು ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಈ ದುರುಪಯೋಗವನ್ನು ನಿಲ್ಲಿಸಬೇಕೆಂದು ಕೇಂದ್ರ ಸರ್ಕಾರವು 2018ರಲ್ಲಿ ಖಾಸಗಿ ಕಂಪನಿಗಳು ಇದನ್ನು ತಯಾರಿಸಕೂಡದು, ಬೆಂಗಳೂರಿನ ಸರ್ಕಾರಿ ಕಾರ್ಖಾನೆ ಕರ್ನಾಟಕ ಆಂಟಿಬಯೋಟಿಕ್ಸ್ ಒಂದೇ ತಯಾರಿಸಬೇಕು ಎಂದು ಆಜ್ಞೆ ಮಾಡಿತು. ಬಾಣಂತಿಯರ ಪ್ರಾಣ ಉಳಿಸುವ ಔಷಧ ಸಿಗದೆ ಹೋದೀತೆಂಬ ಆತಂಕವೂ ಎದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. ಒಂದೇ ಔಷಧ ಒಂದು ಕಡೆ ಪ್ರಾಣ ಉಳಿಸುತ್ತದೆ, ಇನ್ನೊಂದು ಕಡೆ ಪ್ರಾಣ ತೆಗೆಯುತ್ತದೆ. ಯಾವಾಗ, ಎಷ್ಟು, ಯಾರ ಕೈಯಿಂದ ಎಂಬುದೇ ಮುಖ್ಯ.

ಹೆರಿಗೆ ನೋವು ತೆರೆತೆರೆಯಾಗಿ ಬರುತ್ತದೆ. ಬಂದಾಗ ಗರ್ಭಕೋಶ ಕಲ್ಲಿನ ಹಾಗೆ ಬಿಗಿಯುತ್ತದೆ. ಬಿಗಿದಿರುವಷ್ಟು ಹೊತ್ತು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಸಡಿಲವಾದಾಗ ಮತ್ತೆ ರಕ್ತ ಹರಿದು ಮಗು ಸುಧಾರಿಸಿಕೊಳ್ಳುತ್ತದೆ. ಈ ನಡುವಿನ ಬಿಡುವು ತಾಯಿಗೆ ಎಷ್ಟು ಬೇಕೋ ಮಗುವಿಗೂ ಅಷ್ಟೇ ಬೇಕು. ಆಸ್ಪತ್ರೆಯಲ್ಲಿ ಅಗತ್ಯ ಬಿದ್ದಾಗ ಡಾಕ್ಟರು ಆಕ್ಸಿಟೋಸಿನ್ನನ್ನು ಗ್ಲೂಕೋಸ್ ಬಾಟಲಿಯ ಹಾಗೆ ತೂಗುಹಾಕಿ ಹನಿಹನಿಯಾಗಿ ಬಿಡುತ್ತಾರೆ. ಮಗುವಿನ ಎದೆಬಡಿತ ಕೇಳುತ್ತಲೇ ಇರುತ್ತಾರೆ. ಹೆಚ್ಚಾಯಿತೆಂದರೆ ಕೂಡಲೇ ನಿಲ್ಲಿಸುತ್ತಾರೆ. ಅದು ಕೆರೆಯ ತೂಬು ಎತ್ತಿದ ಹಾಗೆ, ಬೇಕೆಂದಾಗ ಇಳಿಸಬಹುದು. ಮಗು ಒಳಗಿರುವಾಗಲೇ ಸೊಂಟಕ್ಕೋ ತೋಳಿಗೋ ಚುಚ್ಚಿಬಿಡುವುದು ಕೆರೆಯ ಏರಿಯನ್ನೇ ಕಡಿದ ಹಾಗೆ. ಒಳಗೆ ಹೋದದ್ದನ್ನು ಹಿಂದಕ್ಕೆ ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ. ಬಿಡುವಿಲ್ಲದೆ ನೋವು ಬಂದು ಮಗುವಿಗೆ ಪ್ರಾಣವಾಯು ಸಾಲದೆ ಹೋಗಬಹುದು. ಗರ್ಭಕೋಶವೇ ಹರಿಯಬಹುದು.

ಇದನ್ನು ಪುಸ್ತಕ ಓದಿ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ, ನಾನಿನ್ನೂ ಡಿಪ್ಲೊಮಾ ಓದುತ್ತಿದ್ದಾಗ, ರಜೆಗೆಂದು ಚಿಕ್ಕಮ್ಮನ ಊರಿಗೆ ಹೋಗಿದ್ದೆ. ಚಿಕ್ಕಮ್ಮನ ಮಗಳು, ನನಗೆ ಅಕ್ಕನಾಗಬೇಕು, ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಸಂಜೆ ನೋವು ಕಾಣಿಸಿಕೊಂಡಿತು. ನಡುರಾತ್ರಿಯಾದರೂ ಹೆರಿಗೆಯ ಸುಳಿವಿಲ್ಲ. ಮರುದಿನ ಕಣದಲ್ಲಿ ರಾಗಿ ಒಕ್ಕಣೆಗೆ ಆಳುಗಳನ್ನು ಹೇಳಿದ್ದರು. "ಅದ್ಯಾಕೋ ನೋವು ಜೋರಾಗ್ತಿಲ್ಲ, ಒಂದು ಸೂಜಿ ಹಾಕ್ಸಿದ್ರೆ ಬೆಳಗಾಗೋದ್ರಾಗೆ ಎಲ್ಲಾ ಮುಗಿತದೆ" ಎಂದರು ಹಿರಿಯರೊಬ್ಬರು. ಪಕ್ಕದ ಊರಿನಲ್ಲಿ ಚೀಲ ಹಿಡಿದುಕೊಂಡು ಮನೆಮನೆಗೆ ಹೋಗಿ ಚುಚ್ಚುವವನೊಬ್ಬನಿದ್ದ. ಮೋಟಾರ್ ಸೈಕಲ್ಲಿನ ಮೇಲೆ ಅವನನ್ನು ಕರೆತಂದವನು ನಾನೇ. ಅವನು ಒಡೆದ ಸೀಸೆಯ ಮೇಲೆ ಆಕ್ಸಿಟೋಸಿನ್ ಎಂಬ ಹೆಸರನ್ನು ಬ್ಯಾಟರಿ ಬೆಳಕಿನಲ್ಲಿ ಓದಿದವನೂ ನಾನೇ. ಹೈನುಗಾರಿಕೆಯ ಪಾಠದಲ್ಲಿ ಆ ಹೆಸರನ್ನು ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಆ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ.

ಹತ್ತು ಹದಿನೈದು ನಿಮಿಷದೊಳಗೆ ಅಕ್ಕನ ಕೂಗು ಬೇರೆಯಾಯಿತು. ನೋವಿಗೂ ನೋವಿಗೂ ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಸಂದು ಇರಲಿಲ್ಲ. ಮಗು ಬೇಗ ಹುಟ್ಟಿತು, ನಿಜ. ನೀಲಿ ಬಣ್ಣಕ್ಕೆ ತಿರುಗಿತ್ತು, ಅಳಲಿಲ್ಲ. ಆಂಬ್ಯುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಒಯ್ದು ಉಳಿಸಿಕೊಂಡರು. ಆ ಹುಡುಗನಿಗೆ ಈಗ ಎಂಟು ವರ್ಷ. ಎಡಗೈಗೆ ಬಲವಿಲ್ಲ, ಮಾತು ತಾಯಿಗೆ ಮಾತ್ರ ತಿಳಿಯುತ್ತದೆ. ಆ ಸೂಜಿಯೊಂದರಿಂದಲೇ ಹೀಗಾಯಿತೆಂದು ಖಂಡಿತವಾಗಿ ಹೇಳಲಾಗದು ಎಂದು ಮಕ್ಕಳ ಡಾಕ್ಟರು ಹೇಳಿದರು. ಅವರು ಪ್ರಾಮಾಣಿಕರು, ಹಾಗೆ ಹೇಳಿದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಆ ರಾತ್ರಿ ಮೋಟಾರ್ ಸೈಕಲ್ಲು ಏರಿದವನು ಆಶಾ ಕಾರ್ಯಕರ್ತೆಯ ಮನೆಗೆ ಹೋಗಬಹುದಿತ್ತು. ಅವಳ ಮನೆ ಅದೇ ದಾರಿಯಲ್ಲಿತ್ತು.

ಸಂಜೆ ಬಂದ ಚೊಚ್ಚಲು ನೋವು ನಡುರಾತ್ರಿಗೆ ಮುಗಿಯಲಿಲ್ಲವೆಂದು ನಾವೆಲ್ಲ ಗಾಬರಿಯಾದೆವಲ್ಲ, ಅದು ತಡವೇ ಆಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಹೆರಿಗೆಗೆ ಎಷ್ಟು ಹೊತ್ತು ಬೇಕೆಂಬುದನ್ನು ಪ್ರತಿಯೊಬ್ಬ ಗಂಡಸೂ ಸರಿಯಾಗಿ ತಿಳಿದಿರತಕ್ಕದ್ದು.

ಗರ್ಭಕೋಶದ ಬಾಯಿ ಮೊದಲು ದಪ್ಪಗೆ, ಮುಚ್ಚಿಕೊಂಡು ಇರುತ್ತದೆ. ಅದು ಮೆತ್ತಗಾಗಿ, ತೆಳ್ಳಗಾಗಿ, ಕಡೆಗೆ 10 ಸೆಂಟಿಮೀಟರು, ಅಂದರೆ ಸುಮಾರು ನಾಲ್ಕು ಅಂಗುಲ ತೆರೆಯಬೇಕು. ಇದರಲ್ಲಿ ಮೊದಲ 5 ಸೆಂಟಿಮೀಟರು ತೆರೆಯುವ ಕಾಲಕ್ಕೆ ಲೆಕ್ಕವಿಲ್ಲ. ಕೆಲವರಿಗೆ ಕೆಲವೇ ಗಂಟೆ, ಕೆಲವರಿಗೆ ಒಂದು ಹಗಲು ಒಂದು ರಾತ್ರಿ. ನೋವು ಬರುತ್ತದೆ, ಹೋಗುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಐದು ದಾಟಿದ ಮೇಲೆ ವೇಗ ಹೆಚ್ಚುತ್ತದೆ. ಅಲ್ಲಿಂದ ಪೂರ್ತಿ ತೆರೆಯಲು ಚೊಚ್ಚಲಿನವರಿಗೆ 12 ಗಂಟೆಯವರೆಗೆ, ಮೊದಲೇ ಹೆತ್ತವರಿಗೆ 10 ಗಂಟೆಯವರೆಗೆ ಹಿಡಿಯಬಹುದು. ಬಾಯಿ ಪೂರ್ತಿ ತೆರೆದ ಮೇಲೆ ಮಗು ಹೊರಬರಲು ಚೊಚ್ಚಲಿಗೆ 3 ಗಂಟೆ, ಉಳಿದವರಿಗೆ 2 ಗಂಟೆಯ ತನಕ. ಇವು ಮೇರೆಗಳು, ಹೆಚ್ಚಿನವರಿಗೆ ಇದಕ್ಕಿಂತ ಬೇಗನೆ ಆಗುತ್ತದೆ. ಹಿಂದೆ ಗಂಟೆಗೆ 1 ಸೆಂಟಿಮೀಟರು ತೆರೆಯಲೇಬೇಕು, ಇಲ್ಲವಾದರೆ ಔಷಧ ಕೊಡಬೇಕು ಎಂಬ ಲೆಕ್ಕವಿತ್ತು. ಎಲ್ಲ ಹೆಂಗಸರಿಗೂ ಈ ಒಂದೇ ಅಳತೆಗೋಲು ಹಿಡಿಯುವುದು ಸರಿಯಲ್ಲ, ತಾಯಿ ಮಗು ಚೆನ್ನಾಗಿರುವಾಗ ಅದೊಂದರ ಮೇಲೆಯೇ ಆತುರಪಡಕೂಡದು ಎಂದು 2018ರ ಸಲಹೆಯಲ್ಲಿ ಸ್ಪಷ್ಟವಾಗಿ ಬಂದಿದೆ. ಬಿತ್ತಿದ ಬೀಜ ಎದ್ದಿದೆಯೋ ಇಲ್ಲವೋ ಎಂದು ದಿನವೂ ಸಾಲು ಕೆದಕುವವನ ಬೆಳೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಸುಮ್ಮನೆ ಕೈಕಟ್ಟಿ ಕೂಡುವುದೇ? ಅಲ್ಲ. ನೋವು ತಾನಾಗಿ ಮುಂದುವರಿಯಲು ಮನೆಯವರು ಮಾಡಬಹುದಾದ ಕೆಲಸ ಬಹಳವಿದೆ. ಒಂದಕ್ಕೂ ದುಡ್ಡು ಖರ್ಚಿಲ್ಲ.

ಮೊದಲನೆಯದಾಗಿ, ಅವಳನ್ನು ಮಲಗಿಸಬೇಡಿ, ನಡೆಯಲು ಬಿಡಿ. ನೋವು ಶುರುವಾಯಿತೆಂದರೆ ಚಾಪೆ ಹಾಸಿ ಅಂಗಾತ ಮಲಗಿಸುವುದು ನಮ್ಮವರ ಮೊದಲ ಕೆಲಸ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶದ ಭಾರವೆಲ್ಲ ಬೆನ್ನಿನ ಬಳಿಯ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ನಿಂತರೆ, ನಡೆದರೆ ಮಗುವಿನ ತಲೆ ತನ್ನ ಭಾರದಿಂದಲೇ ಗರ್ಭಕೋಶದ ಬಾಯಿಯನ್ನು ಒತ್ತುತ್ತದೆ; ಆ ಒತ್ತಡವೇ ಇನ್ನಷ್ಟು ಆಕ್ಸಿಟೋಸಿನ್ ಹೊರಡಿಸುತ್ತದೆ. ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮೊದಲ ಹಂತದಲ್ಲಿ ನಡೆದಾಡಿದವರಿಗೆ, ನೆಟ್ಟಗೆ ಇದ್ದವರಿಗೆ, ಮಲಗಿದವರಿಗಿಂತ ಸರಾಸರಿ 1 ಗಂಟೆ 22 ನಿಮಿಷ ಮೊದಲೇ ಆ ಹಂತ ಮುಗಿದಿತ್ತು. ಒಂದು ಸೂಜಿಯೂ ಇಲ್ಲದೆ ಇಷ್ಟು ಲಾಭ. ಅಂಗಳದಲ್ಲಿ ಮೆಲ್ಲಗೆ ಓಡಾಡಲಿ. ನೋವು ಬಂದಾಗ ಕಂಬವನ್ನೋ ನಿಮ್ಮ ಹೆಗಲನ್ನೋ ಹಿಡಿದು ಮುಂದಕ್ಕೆ ಬಾಗಿ ನಿಲ್ಲಲಿ. ಮಂಡಿಯೂರಿ ಕೂಡಲಿ. ಸುಸ್ತಾದಾಗ ಎಡ ಮಗ್ಗುಲಾಗಿ ಮಲಗಿ ಒಂದು ಗಳಿಗೆ ಕಣ್ಣು ಮುಚ್ಚಲಿ. ಯಾವ ಭಂಗಿ ಹಿತವೆಂದು ಅವಳ ಮೈಗೇ ಗೊತ್ತು. ಕಂಬ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತೇ ಹೆತ್ತೆನೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಮಂಚದ ಮೇಲೆ ಅಂಗಾತ ಮಲಗಿ ಹೆರುವುದು ಈಚಿನ ಪದ್ಧತಿ. ಆದರೆ ರಕ್ತ ಹೋಗುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಡಾಕ್ಟರು ಮಲಗಿರು ಎಂದಿದ್ದರೆ ನಡೆಸಕೂಡದು.

ಹೊಟ್ಟೆಗೆ ಏನೂ ಕೊಡಬಾರದೆಂದು ಬಾಯಿ ಒಣಗಿಸುವುದು ಇನ್ನೊಂದು ತಪ್ಪು. ಗರ್ಭಕೋಶವೂ ಮಾಂಸಖಂಡವೇ. ದಿನವಿಡೀ ಉಳುವ ಎತ್ತಿಗೆ ನೀರು ಕುಡಿಸದೆ ನೊಗ ಕಟ್ಟುತ್ತೀರಾ? ಗಂಜಿ, ಮಜ್ಜಿಗೆ, ಎಳನೀರು, ತೆಳ್ಳಗಿನ ರಾಗಿ ಅಂಬಲಿ, ಯಾವುದಾದರೂ ಸರಿ, ಗುಟುಕುಗುಟುಕಾಗಿ ಕೊಡುತ್ತಿರಿ. ಆಪರೇಷನ್ ಆಗಬಹುದು, ಏನೂ ಕೊಡಬೇಡಿ ಎಂದು ಡಾಕ್ಟರು ಹೇಳಿದರೆ ಮಾತ್ರ ನಿಲ್ಲಿಸಿ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದುಕೊಂಡು ಹೋಗಬೇಕು. ತುಂಬಿದ ಮೂತ್ರಚೀಲ ಮಗುವಿನ ತಲೆ ಇಳಿಯುವುದಕ್ಕೆ ಅಡ್ಡಿ. ಇದನ್ನು ನೋವಿನ ಗದ್ದಲದಲ್ಲಿ ಎಲ್ಲರೂ ಮರೆಯುತ್ತಾರೆ.

ಎಲ್ಲಕ್ಕಿಂತ ದೊಡ್ಡ ಔಷಧವೆಂದರೆ ಜೊತೆಗಿರುವ ಒಬ್ಬ ಹೆಂಗಸು. ನಮ್ಮ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಕೇಳದವರಿಲ್ಲ. 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಸೂಲಗಿತ್ತಿಯರ ಕಾಲ ಮುಗಿಯುತ್ತ ಬಂದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಅದು ಒಳ್ಳೆಯದೇ. ಆದರೆ ಸೂಲಗಿತ್ತಿಯ ಜೊತೆಗೆ, ಪಕ್ಕದಲ್ಲಿ ಕುಳಿತು ಬೆನ್ನು ನೀವುವ ಕೈಯೂ ಹೊರಟುಹೋಗಬಾರದು. ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆಗೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. 2017ರ ಲಕ್ಷ್ಯ ಕಾರ್ಯಕ್ರಮದಲ್ಲೂ ಅದು ಸೇರಿದೆ. ನೀವು ವಿನಯದಿಂದ ಕೇಳಿ. 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕುರಿತ 26 ಪರೀಕ್ಷೆಗಳ ಫಲವನ್ನು 2017ರಲ್ಲಿ ಒಟ್ಟಾಗಿ ನೋಡಿದಾಗ, ಬಿಡದೆ ಜೊತೆಗಾರರಿದ್ದ ಬಸುರಿಯರಿಗೆ ಹೆರಿಗೆ ಸ್ವಲ್ಪ ಬೇಗನೆ ಆಗಿತ್ತು, ಸಹಜ ಹೆರಿಗೆ ಹೆಚ್ಚಾಗಿತ್ತು, ಆಪರೇಷನ್ ಕಡಿಮೆಯಾಗಿತ್ತು.

ಜೊತೆಗೆ ಯಾರು ಹೋಗಬೇಕು? ವಯಸ್ಸಿನಲ್ಲಿ ಹಿರಿಯರೆಂದು ಯಾರನ್ನೋ ಕಳಿಸಬೇಡಿ. ಬಸುರಿಯನ್ನೇ ಕೇಳಿ. ತಾಯಿಯೋ, ಅತ್ತೆಯೋ, ಅಕ್ಕನೋ, ಓರಗಿತ್ತಿಯೋ, ಅವಳಿಗೆ ಯಾರ ಮುಂದೆ ಸಂಕೋಚವಿಲ್ಲವೋ ಅವರು. ತಾನೂ ಒಂದು ಸಲ ಹೆತ್ತವಳಾದರೆ ಮೇಲು. "ಕಿರುಚಬೇಡ, ನಾವೆಲ್ಲ ಹೆತ್ತಿಲ್ವಾ, ಜನ ಏನಂದಾರು" ಎನ್ನುವವರು ದಯವಿಟ್ಟು ಹೊರಗೇ ಇರಲಿ. ಕೂಗಿದರೆ ಕೂಗಲಿ. "ಬಂತು, ಹೋಯ್ತು ನೋಡು, ಇನ್ನೊಂದು ಕಮ್ಮಿ ಆಯ್ತು" ಎಂದು ಕೈ ಹಿಡಿದುಕೊಂಡಿದ್ದರೆ ಸಾಕು. ನೋವು ಬಂದಾಗ ಸೊಂಟದ ಕೆಳಗಿನ ಮೂಳೆಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಬಹಳ ಜನಕ್ಕೆ ಹಿತವಾಗುತ್ತದೆ. ಉಸಿರನ್ನು ಉದ್ದಕ್ಕೆ ಬಿಡಲು ಹೇಳಿ. ಬಿಡುವಿನ ಹೊತ್ತಿನಲ್ಲಿ ಮಾತಿನಿಂದ ಪೀಡಿಸದೆ ಸುಮ್ಮನಿರಿ. ಬೆಳಕು ಕಡಿಮೆ ಇದ್ದರೆ ಒಳ್ಳೆಯದು.

ಮಾಡಬಾರದ್ದು ಕೆಲವುಂಟು. ಬಾಯಿ ಪೂರ್ತಿ ತೆರೆಯುವ ಮೊದಲೇ "ಮುಕ್ಕು, ಮುಕ್ಕು" ಎಂದು ಅವಸರಪಡಿಸಕೂಡದು. ಹಾಗೆ ತಿಣುಕಿದರೆ ಗರ್ಭಕೋಶದ ಬಾಯಿ ಊದಿಕೊಂಡು ದಾರಿ ಇನ್ನೂ ಇಕ್ಕಟ್ಟಾಗುತ್ತದೆ, ಕಡೆಯಲ್ಲಿ ಬೇಕಾದ ಶಕ್ತಿಯೂ ಮೊದಲೇ ಸೋರಿಹೋಗುತ್ತದೆ. ಸಮಯ ಬಂದಾಗ ತಿಣುಕಬೇಕೆಂಬ ಒತ್ತಡ ತಡೆಯಲಾರದಷ್ಟು ತಾನಾಗಿ ಬರುತ್ತದೆ. ಹೊಟ್ಟೆಯ ಮೇಲ್ಭಾಗವನ್ನು ಮೊಳಕೈಯಿಂದ ಕೆಳಕ್ಕೆ ಒತ್ತುವುದಂತೂ ಖಂಡಿತ ಕೂಡದು. ಮಗುವಿಗೂ ಗರ್ಭಕೋಶಕ್ಕೂ ಅಪಾಯ. ಹರಳೆಣ್ಣೆ ಕುಡಿಸಿ ನೋವು ಬರಿಸುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಅದು ವಾಂತಿ ಭೇದಿ ಮಾಡಿಸಿ ಬಸುರಿಯನ್ನು ಬಸವಳಿಸುತ್ತದೆ. ಹರಳೆಣ್ಣೆ ತಲೆಗೆ ಇರಲಿ.

ತಾಳ್ಮೆಯ ಬಗ್ಗೆ ಇಷ್ಟು ಬರೆದುದನ್ನು ಓದಿ, ಹಾಗಾದರೆ ಮನೆಯಲ್ಲೇ ಕಾದುಬಿಡೋಣ ಎಂದು ಯಾರೂ ತಪ್ಪು ತಿಳಿಯಬೇಡಿ. ತಾಳ್ಮೆ ಬೇಕಾದುದು ಹೆರಿಗೆಗೆ, ಗಾಡಿ ತರುವುದಕ್ಕಲ್ಲ. ಚೊಚ್ಚಲಿನಲ್ಲಿ ನೋವು ಐದೈದು ನಿಮಿಷಕ್ಕೊಮ್ಮೆ ತಪ್ಪದೆ ಬರತೊಡಗಿ, ನಡೆದರೂ ಮಲಗಿದರೂ ಕಡಿಮೆಯಾಗದಿದ್ದರೆ ಹೊರಡಬೇಕು. ಅದು ಹುಸಿ ನೋವಲ್ಲ. ಎರಡನೆಯ ಮೂರನೆಯ ಹೆರಿಗೆಯಾದರೆ, ಅಥವಾ ಆಸ್ಪತ್ರೆ ದೂರವಿದ್ದು ದಾರಿ ಕೆಟ್ಟದಾಗಿದ್ದರೆ, ಅದಕ್ಕೂ ಬಹಳ ಮೊದಲೇ ಹೊರಡಬೇಕು. ನೀರು ಒಡೆದರೆ ನೋವು ಇರಲಿ ಬಿಡಲಿ ಹೊರಡಬೇಕು. ಹಿಂದೆ ಆಪರೇಷನ್ ಆದವರು, ಅವಳಿ ಮಕ್ಕಳಿರುವವರು, ಮಗು ಅಡ್ಡಲಾಗಿಯೋ ಬುಡಮೇಲಾಗಿಯೋ ಇದೆಯೆಂದು ಸ್ಕ್ಯಾನಿಂಗಿನಲ್ಲಿ ತಿಳಿದವರು, ರಕ್ತದೊತ್ತಡ ಇರುವವರು ಯಾವ ಆಸ್ಪತ್ರೆಗೆ, ಯಾವ ದಿನ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಇನ್ನು ಕೆಲವನ್ನು ಕಂಡರೆ ಒಂದು ನಿಮಿಷವೂ ನಿಲ್ಲಬಾರದು. ರಕ್ತ ಹೋಗುವುದು (ಲೋಳೆಯ ಜೊತೆ ಸ್ವಲ್ಪ ಕೆಂಪು ಕಾಣುವುದು ಸಹಜ, ಸುರಿಯುವುದು ಸಹಜವಲ್ಲ), ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸು, ಜ್ವರ, ಒಡೆದ ನೀರು ಹಸಿರಾಗಿರುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ನೋವು ಬಿಡುವಿಲ್ಲದೆ ಒಂದೇ ಸಮನೆ ಇರುವುದು, ಕೈಯೋ ಹೊಕ್ಕುಳ ಬಳ್ಳಿಯೋ ಮೊದಲು ಹೊರಗೆ ಕಾಣುವುದು. ಎಂಟು ತಿಂಗಳೊಳಗೆ ನೋವು ಬಂದರೂ ಹಾಗೆಯೇ. 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ ಈ ಸೇವೆ 2008ರಿಂದ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಬೇಕಾದರೆ ಆಪರೇಷನ್, ಔಷಧ, ಊಟ, ಹೋಗಿಬರುವ ಗಾಡಿ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಉಚಿತ. ಎಂಟನೆಯ ತಿಂಗಳು ತುಂಬುತ್ತಲೇ ತಾಯಿ ಕಾರ್ಡು, ಹಳೆಯ ಮೆತ್ತನೆಯ ಒಗೆದ ಬಟ್ಟೆ, ಒಂದಿಷ್ಟು ದುಡ್ಡು ಚೀಲದಲ್ಲಿ ಹಾಕಿ ಬಾಗಿಲ ಗೂಟಕ್ಕೆ ತಗುಲಿಸಿಬಿಡಿ. ಆಶಾ ಕಾರ್ಯಕರ್ತೆಯ ನಂಬರು ಮನೆಯ ಪ್ರತಿಯೊಬ್ಬರ ಫೋನಿನಲ್ಲೂ ಇರಲಿ. ರಕ್ತ ಕೊಡಬಲ್ಲ ಇಬ್ಬರು ಯಾರೆಂದು ಗುರುತಿಟ್ಟುಕೊಳ್ಳಿ. 108 ಬರುವುದು ತಡವಾದರೆ ಊರಿನಲ್ಲಿ ಯಾರ ಕಾರು ಕೇಳುವುದೆಂದು ಹಗಲು ಹೊತ್ತಿನಲ್ಲೇ ಮಾತಾಡಿಟ್ಟುಕೊಳ್ಳಿ. ನಡುರಾತ್ರಿ ಬಾಗಿಲು ತಟ್ಟುವಾಗ ಹೊಸದಾಗಿ ವಿವರಿಸುವಂತಾಗಬಾರದು.

ಆಸ್ಪತ್ರೆಗೆ ಹೋದಮೇಲೆ "ಬೇಗ ಮಾಡ್ಸಿ ಸಿಸ್ಟರ್, ನಮಗೆ ಕೆಲಸ ಐತೆ" ಎಂದು ನರ್ಸಮ್ಮನ ಬೆನ್ನು ಹತ್ತಬೇಡಿ. ಮನೆಯವರ ಒತ್ತಾಯ ತಡೆಯಲಾರದೆ ಅವರೂ ಆತುರಪಡುವುದುಂಟು ಎಂದು ನರ್ಸಮ್ಮನೊಬ್ಬರೇ ನನಗೆ ಹೇಳಿದರು. ಹಾಗೆಯೇ, ಮಗುವಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದಾಗ ಊರಿನಿಂದ ಹಿರಿಯರು ಬಂದು ಒಪ್ಪಲಿ ಎಂದು ಕಾಯಬೇಡಿ. ಸಹಜ ಹೆರಿಗೆಗೆ ನಾವು ಮಾಡುವ ಸಹಾಯ ತಾಯಿ ಮಗುವಿನ ಸಲುವಾಗಿಯೇ ಹೊರತು ಹೆಸರಿನ ಸಲುವಾಗಿ ಅಲ್ಲ.

ಇನ್ನೊಂದು ಮಾತು. ಸೂಜಿ ಬೇಡ ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದು ಮಗು ಹುಟ್ಟುವ ತನಕದ ಮಾತು. ಮಗು ಹುಟ್ಟಿದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಮಗುವಿಲ್ಲವೆಂದು ನೋಡಿಕೊಂಡು, ನರ್ಸಮ್ಮ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುತ್ತಾರೆ. ಅದನ್ನು ಬೇಡವೆನ್ನಬೇಡಿ. ಮಾಸು ಬೀಳಲು, ಗರ್ಭಕೋಶ ಬಿಗಿದುಕೊಂಡು ರಕ್ತ ನಿಲ್ಲಲು ಅದೇ ಬೇಕು. ಹೆರಿಗೆಯ ನಂತರ ರಕ್ತ ಸುರಿಯತೊಡಗಿದರೆ ಆರೋಗ್ಯವಂತಳಾದ ಹೆಂಗಸೂ ಎರಡು ಗಂಟೆಯೊಳಗೆ ಸಾಯಬಹುದು. ನಮ್ಮ ತಾತ ಮುತ್ತಾತಂದಿರ ಕಾಲದಲ್ಲಿ ಎಷ್ಟೋ ಬಾಣಂತಿಯರು ಹೀಗೆ ಹೋದರು.

ಆಮೇಲೆ ಹೊಕ್ಕುಳ ಬಳ್ಳಿಯನ್ನು ಕತ್ತರಿಸಲು ಅವಸರವಿಲ್ಲ. ಮಗು ಚೆನ್ನಾಗಿ ಅತ್ತಿದ್ದರೆ ಒಂದು ನಿಮಿಷವಾದರೂ ಕಾದರೆ ಮಾಸಿನಲ್ಲಿದ್ದ ರಕ್ತ ಮಗುವಿಗೇ ಸೇರುತ್ತದೆ. ಮಗುವನ್ನು ಒರೆಸಿ ತಾಯಿಯ ಬರಿಯ ಎದೆಯ ಮೇಲೆ ಹಾಕಿ, ಮೇಲೆ ಬಟ್ಟೆ ಹೊದಿಸಲಿ. ಒಂದು ಗಂಟೆಯೊಳಗೆ ಮೊಲೆಗೆ ಬಾಯಿ ಹಾಕಲಿ. ಕರು ಗುದ್ದಿದಾಗ ಹೊರಡುವ ಅದೇ ರಸ ಈ ಕೂಸು ಚೀಪಿದಾಗಲೂ ಹೊರಟು, ಹಾಲನ್ನು ಇಳಿಸುವುದಲ್ಲದೆ ಗರ್ಭಕೋಶವನ್ನೂ ಇನ್ನಷ್ಟು ಬಿಗಿಯುತ್ತದೆ. ಮೊದಲ ಎರಡು ಮೂರು ದಿನದ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ಹಸು ಈದಾಗ ಗಿಣ್ಣಿನ ಹಾಲು ಕುಡಿಯದ ಕರು ಏನಾಗುತ್ತದೆಂದು ಗೊತ್ತಿದ್ದೂ ಹೀಗೆ ಮಾಡುತ್ತೇವೆ. ಜೇನು, ಸಕ್ಕರೆ ನೀರು ಯಾವುದೂ ಬೇಡ.

ಮನೆಗೆ ಕರೆತರುವಾಗ ಬೈಕಿನ ಮೇಲೆ ಕೂರಿಸಿಕೊಂಡು ಬರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಬಾಣಂತಿಯನ್ನು ಮನೆ ಬಾಗಿಲಿಗೆ ಬಿಡಲು ನಗು-ಮಗು ಗಾಡಿ ಇದೆ; ಹೊರಡುವ ಹಿಂದಿನ ದಿನವೇ ನರ್ಸಮ್ಮನಿಗೆ ಹೇಳಿಟ್ಟರೆ ಕಾಯುವುದು ತಪ್ಪುತ್ತದೆ.